ಒಳಗೆ ಬಂದವರಿಗೆಲ್ಲ ಎಲೆ ಹಾಕುತ್ತಾರಾ?

ಪ್ರಶ್ನೆ: ಮೂಡಿಗೆರೆ ತಾಲೂಕಿನಲ್ಲಿ ನಮಗೆ ಹನ್ನೆರಡು ಎಕರೆ ಕಾಫಿ ತೋಟ ಇದೆ. ಐದಾರು ವರ್ಷದಿಂದ ಅಸ್ಸಾಂ ಕಡೆಯವರೇ ಕೆಲಸಕ್ಕೆ ಬರುತ್ತಿದ್ದಾರೆ. ಈಗ ಊರಲ್ಲಿ ಒಂದೇ ಮಾತು: ‘ಇವರೆಲ್ಲ ಬಂದು ನಮ್ಮ ರೇಷನ್ ತಿನ್ನುತ್ತಾರೆ, ನಮ್ಮ ಗ್ಯಾರಂಟಿ ದುಡ್ಡು ತಗೊಳ್ಳುತ್ತಾರೆ, ಅರ್ಧ ಜನ ಬಾಂಗ್ಲಾದವರು.’ ಅತ್ತ ಅಮೆರಿಕದಲ್ಲಿರುವ ಮಗಳು, ಅಲ್ಲಿ ಹೊರಗಿನವರಿಗೆ ಸರ್ಕಾರ ಒಂದು ಪೈಸೆ ಕೊಡಲ್ಲ ಅನ್ನುತ್ತಾಳೆ. ಹಾಗಾದರೆ ನಾವು ಮಾತ್ರ ಬಂದವರಿಗೆಲ್ಲ ಯಾಕೆ ಕೊಡಬೇಕು? ಎಲ್ಲ ಕಡೆ ಒಂದೇ ನಿಯಮ ಇರಬೇಕಲ್ಲವೇ?

ಉತ್ತರ: ನಮಸ್ಕಾರ. ಹಾಸನದಲ್ಲಿ ಕೂತು ಕಾರ್ಮಿಕ ಕಾನೂನಿನ ಸಲಹೆ ಕೊಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಮಗಳನ್ನೂ ಲೈನ್ ಮನೆಯವರನ್ನೂ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೂಲಿಯವರನ್ನೂ, ಒಂದೇ ಪತ್ರದಲ್ಲಿ ಇಟ್ಟು ಕೇಳಿದವರು ನೀವೇ ಮೊದಲು. ಹಾಗೆ ಇಟ್ಟಿದ್ದು ಸರಿ. ಇಬ್ಬರೂ ಮನೆ ಬಿಟ್ಟು ದುಡಿಯಲು ಹೋದವರೇ.

ನಮ್ಮ ಕಡೆ ಮದುವೆ ಮನೆಯಲ್ಲಿ ಚಪ್ಪರದ ಒಳಗೆ ಬರುವುದು ಬೇರೆ, ಪಂಕ್ತಿಯಲ್ಲಿ ಕೂತಾಗ ಎಲೆ ಬೀಳುವುದು ಬೇರೆ. ವಲಸೆಯಲ್ಲೂ ಹೀಗೆ ಎರಡು ನಿಯಮ. ಯಾರು ಒಳಗೆ ಬರಬಹುದು ಎನ್ನುವುದು ಒಂದು. ಬಂದವರಿಗೆ ಸರ್ಕಾರದ ಸವಲತ್ತು ಯಾವಾಗ, ಎಷ್ಟು ಎನ್ನುವುದು ಇನ್ನೊಂದು. ಊರ ಜಗಲಿಯಲ್ಲಿ ಈ ಎರಡನ್ನೂ ಕಲಸಿ ಮಾತಾಡುತ್ತಾರೆ. ಜಗಳ ಹುಟ್ಟುವುದೇ ಅಲ್ಲಿ.

ಮೊದಲು ನಿಮ್ಮ ಮಗಳ ವಿಷಯ. ಅವರು ಹೇಳಿದ್ದು ಮುಕ್ಕಾಲು ಪಾಲು ನಿಜ. ಕೈಲಾಗದವರು ಬಂದು ಸರ್ಕಾರದ ಮೇಲೆ ಹೊರೆಯಾಗಬಾರದು ಎಂಬ ಮಾತನ್ನು ಅಮೆರಿಕ 1882ರ ವಲಸೆ ಕಾಯ್ದೆಯಲ್ಲೇ ಬರೆದಿಟ್ಟಿತು. ಅದಕ್ಕೆ ಅವರು ಇಟ್ಟ ಹೆಸರು ‘ಪಬ್ಲಿಕ್ ಚಾರ್ಜ್’. ಇವತ್ತಿಗೂ ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿ, ಕೊಡುವಾಗ ಆ ಪ್ರಶ್ನೆ ಬರುತ್ತದೆ. ಯಾವ ಸವಲತ್ತು ಪಡೆದರೆ ಹೊರೆ, ಯಾವುದು ಅಲ್ಲ ಎನ್ನುವುದು ಮಾತ್ರ ಸರ್ಕಾರ ಬದಲಾದಂತೆ ಬದಲಾಗಿದೆ. 2019ರಲ್ಲಿ ನಿಯಮ ಬಿಗಿ ಮಾಡಿದರು, 2021ರಲ್ಲಿ ಅದು ಬಿದ್ದುಹೋಯಿತು, 2022ರಲ್ಲಿ ಇನ್ನೊಂದು ಬಂತು.

ದೊಡ್ಡ ಬದಲಾವಣೆ ಆದದ್ದು 1996ರ ಆಗಸ್ಟ್‌ನಲ್ಲಿ, ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾಯ್ದೆಯಿಂದ. ಅದರ ಪ್ರಕಾರ ಗ್ರೀನ್ ಕಾರ್ಡ್ ಸಿಕ್ಕವರು ಕೂಡ ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ಗೆ, ದೊಡ್ಡವರಾದರೆ ಆಹಾರ ನೆರವಿಗೂ, ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಇರುವವರಿಗೆ (ನಿಮ್ಮ ಮಗಳೂ ಅದರಲ್ಲೇ ಇರಬೇಕು) ಇಂಥ ನೆರವುಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ಒಂದು ಪೈಸೆಯೂ ಇಲ್ಲ ಅನ್ನುವುದು ತಪ್ಪು. ಮಕ್ಕಳಿಗೆ ಸರ್ಕಾರಿ ಶಾಲೆ ಉಚಿತ. ತಂದೆ ತಾಯಿಯ ಹತ್ತಿರ ಕಾಗದಪತ್ರ ಇಲ್ಲದಿದ್ದರೂ ಮಗುವನ್ನು ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ತುರ್ತು ಚಿಕಿತ್ಸೆ ಬೇಕಾಗಿ ಬಂದವರನ್ನು ಆಸ್ಪತ್ರೆ ವಾಪಸ್ ಕಳಿಸುವಂತಿಲ್ಲ ಎಂಬ ಕಾನೂನು 1986ರದ್ದು.

ಈಗ ಮಗಳ ಸಂಬಳದ ಚೀಟಿ ಕೇಳಿ ತರಿಸಿಕೊಳ್ಳಿ. ಅದರಲ್ಲಿ ಎರಡು ಕಡಿತಗಳಿರುತ್ತವೆ: ಸೋಶಿಯಲ್ ಸೆಕ್ಯುರಿಟಿಗೆ ನೂರಕ್ಕೆ 6.2, ಮೆಡಿಕೇರ್‌ಗೆ 1.45. ಒಟ್ಟು 7.65. ಕಂಪನಿಯೂ ಅಷ್ಟೇ ಕಟ್ಟುತ್ತದೆ. ಇದು ಅಲ್ಲಿನ ವೃದ್ಧರ ಪಿಂಚಣಿಗೆ, ಅವರ ಆಸ್ಪತ್ರೆ ಖರ್ಚಿಗೆ ಹೋಗುವ ದುಡ್ಡು. ನಿಮ್ಮ ಮಗಳಿಗೆ ಆ ಪಿಂಚಣಿ ಸಿಗಬೇಕಾದರೆ ನಲವತ್ತು ತ್ರೈಮಾಸಿಕ ದುಡಿದಿರಬೇಕು, ಅಂದರೆ ಹತ್ತು ವರ್ಷ. ಎಚ್-1ಬಿಯ ಸಾಮಾನ್ಯ ಅವಧಿ ಆರು ವರ್ಷ! ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಮುಂದುವರಿಸಬಹುದು. ಆರೇ ವರ್ಷಕ್ಕೆ ಊರಿಗೆ ಬಂದುಬಿಟ್ಟರೆ ಕಟ್ಟಿದ್ದು ಅಲ್ಲೇ ಉಳಿಯಿತು. ಜರ್ಮನಿ, ಜಪಾನ್, ಕೆನಡಾ, ಆಸ್ಟ್ರೇಲಿಯಾ ಜೊತೆ ಭಾರತಕ್ಕೆ ಸಾಮಾಜಿಕ ಭದ್ರತೆಯ ಒಪ್ಪಂದ ಇದೆ. ಅಮೆರಿಕದ ಜೊತೆ ಇಲ್ಲ.

ನನಗೆ ಪರಿಚಯದ ಹುಡುಗನೊಬ್ಬ ಎಂಟು ವರ್ಷ ಅಲ್ಲಿ ದುಡಿದು, ಅಪ್ಪನಿಗೆ ಹುಷಾರಿಲ್ಲ ಅಂತ ಬೇಲೂರಿಗೆ ವಾಪಸ್ ಬಂದ. ಎಂಟೂ ವರ್ಷದ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸಿದ. ಪ್ರತಿ ವರ್ಷಕ್ಕೂ ಒಂದು ಸಾಲು, ಮುಂದೆ ಕಟ್ಟಿದ ಮೊತ್ತ. ಕೆಳಗೆ ಒಂದು ವಾಕ್ಯ: ಇನ್ನೂ ಎಂಟು ತ್ರೈಮಾಸಿಕ ಬೇಕು. ಆ ಪರದೆ ನೋಡುತ್ತಾ ಅವನು ಏನೂ ಮಾತಾಡಲಿಲ್ಲ. ಹೊರಗಿನವರು ಬಂದು ತಿನ್ನುತ್ತಾರೆ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಅವನ ಮುಖ ನೆನಪಾಗುತ್ತದೆ.

ಬ್ರಿಟನ್‌ನದು ಇನ್ನೊಂದು ದಾರಿ. ಕೆಲಸದ ವೀಸಾದ ಮೇಲೆಯೇ ಸರ್ಕಾರಿ ನೆರವು ಕೇಳುವಂತಿಲ್ಲ ಎಂಬ ಷರತ್ತು ಇರುತ್ತದೆ. ಆಸ್ಪತ್ರೆಗೆಂದು ವೀಸಾ ಪಡೆಯುವಾಗಲೇ ದೊಡ್ಡವರೊಬ್ಬರಿಗೆ ಸಾಮಾನ್ಯವಾಗಿ ವರ್ಷಕ್ಕೆ 1,035 ಪೌಂಡ್ ಕಟ್ಟಬೇಕು. 2024ರ ಫೆಬ್ರುವರಿಯಿಂದ ಈ ದರ. ಆಮೇಲೆ ಕೆಲಸಕ್ಕೆ ಸೇರಿದರೆ ಎಲ್ಲರಂತೆ ತೆರಿಗೆಯೂ ಉಂಟು. ಅಂದರೆ ಒಂದೇ ಆಸ್ಪತ್ರೆಗೆ ಎರಡು ಸಲ ದುಡ್ಡು.

ಹಾಗಂತ ಆ ದೇಶದವರ ಆತಂಕ ಪೂರ್ತಿ ಸುಳ್ಳು ಅನ್ನಲಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರ ವಾದ ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ: ಗಡಿಯನ್ನೂ ಪೂರ್ತಿ ತೆರೆದಿಟ್ಟು, ಬಂದವರಿಗೆಲ್ಲ ಸವಲತ್ತನ್ನೂ ಕೊಡುತ್ತೇವೆ ಅಂದರೆ ಆಗದ ಮಾತು. ಬೊಕ್ಕಸಕ್ಕೆ ತಳ ಇದೆ ಅನ್ನುವುದು ಅವರ ಮಾತಿನ ಹುರುಳು. 2016ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಈ ಲೆಕ್ಕವನ್ನು ಕೂತು ಮಾಡಿದವು. ಬಂದ ಮೊದಲ ತಲೆಮಾರಿನಿಂದ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ ಖರ್ಚು ಜಾಸ್ತಿಯೇ. ಮುಖ್ಯ ಕಾರಣ ಮಕ್ಕಳ ಶಾಲೆ ಖರ್ಚು. ಆದರೆ ಅದೇ ಮಕ್ಕಳು ದೊಡ್ಡವರಾದ ಮೇಲೆ ಬೊಕ್ಕಸಕ್ಕೆ ಅತಿ ಹೆಚ್ಚು ತುಂಬುವವರ ಸಾಲಿನಲ್ಲಿ ನಿಲ್ಲುತ್ತಾರೆ. ತೋಟ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡ ನೆಟ್ಟ ವರ್ಷವೇ ಹಣ್ಣು ಕೊಯ್ದವರು ಯಾರಿದ್ದಾರೆ?

ನನ್ನ ಅಭಿಪ್ರಾಯ ಕೇಳಿದರೆ, ಒಂದು ದೇಶ ಹೊರಗಿನಿಂದ ಬಂದವರನ್ನು ಸ್ವಲ್ಪ ಕಾಲ ಕಾಯಿಸುವುದು ತಪ್ಪಲ್ಲ. ಕಟ್ಟಿಸಿಕೊಂಡು ಕೊಡದೇ ಇರುವುದು ತಪ್ಪು.

ಈಗ ನಿಮ್ಮ ಲೈನ್ ಮನೆಗೆ ಬರೋಣ. ಇಲ್ಲಿ ನಿಮ್ಮ ಹೋಲಿಕೆ ಜಾರುತ್ತದೆ. ನಿಮ್ಮ ಮಗಳು ಅಮೆರಿಕದ ಪ್ರಜೆ ಅಲ್ಲ. ಅಸ್ಸಾಮಿನಿಂದ ಬಂದವರು ಭಾರತದ ಪ್ರಜೆಗಳು. ದೇಶದ ಯಾವ ಮೂಲೆಗಾದರೂ ಹೋಗುವ, ಅಲ್ಲಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಅವರಿಗೆ ಕೊಟ್ಟಿದೆ. ಮೂಡಿಗೆರೆಗೆ ಬರಲು ಅವರಿಗೆ ವೀಸಾ ಬೇಕಿಲ್ಲ. ಬಾಗಿಲಿನ ಪ್ರಶ್ನೆಯೇ ಇಲ್ಲ ಅಂದ ಮೇಲೆ ಉಳಿಯುವುದು ಎಲೆಯ ಪ್ರಶ್ನೆ ಮಾತ್ರ.

ಅವರು ತಿನ್ನುತ್ತಿರುವುದು ಯಾರ ರೇಷನ್? 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕುಟುಂಬದ ಒಬ್ಬೊಬ್ಬರಿಗೂ ತಿಂಗಳಿಗೆ 5 ಕೆ.ಜಿ. ಧಾನ್ಯ. ಅದರ ಖರ್ಚು ಕೇಂದ್ರದ್ದು. ‘ಒಂದು ದೇಶ, ಒಂದು ರೇಷನ್ ಕಾರ್ಡ್’ ವ್ಯವಸ್ಥೆಯಲ್ಲಿ ಅಸ್ಸಾಮಿನ ಕಾರ್ಡ್ ಇಟ್ಟುಕೊಂಡು ನಮ್ಮ ಸೊಸೈಟಿಯಲ್ಲೂ ಆ ಅಕ್ಕಿ ತೆಗೆದುಕೊಳ್ಳಬಹುದು. ಕರ್ನಾಟಕ ಇದಕ್ಕೆ ಸೇರಿದ್ದು 2020ರ ಜನವರಿಯಲ್ಲಿ. ಲಾಕ್‌ಡೌನ್‌ನಲ್ಲಿ ಕೂಲಿಯವರು ಪಟ್ಟ ಪಾಡು ನೋಡಿ ಸುಪ್ರೀಂ ಕೋರ್ಟ್ ತಾನೇ ಪ್ರಕರಣ ಕೈಗೆತ್ತಿಕೊಂಡಿತು. 2021ರ ಜುಲೈ 31ರೊಳಗೆ ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂದಿತು. ಎಲ್ಲರಿಗಿಂತ ಕೊನೆಗೆ ಸೇರಿದ ರಾಜ್ಯ ಅಸ್ಸಾಂ, 2022ರ ಜೂನ್‌ನಲ್ಲಿ. ಅಂದರೆ ನಿಮ್ಮ ತೋಟಕ್ಕೆ ಅವರು ಬಂದ ಮೊದಲ ವರ್ಷಗಳಲ್ಲಿ ಊರಿನ ಕಾರ್ಡಿನಿಂದ ಇಲ್ಲಿ ಒಂದು ಕಾಳೂ ಸಿಗುತ್ತಿರಲಿಲ್ಲ.

ಅನ್ನಭಾಗ್ಯದ ಹೆಚ್ಚುವರಿ ಪಾಲು ನಮ್ಮ ರಾಜ್ಯ ತನ್ನ ಜೇಬಿನಿಂದ ಕೊಡುವುದು. ಅದು ಅಸ್ಸಾಂ ಕಾರ್ಡಿಗೆ ಬರುವುದಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರಕ್ಕೆ ಕರ್ನಾಟಕದ ರೇಷನ್ ಕಾರ್ಡ್ ಬೇಕು, ಅದರಲ್ಲಿ ಮನೆಯ ಯಜಮಾನಿ ಎಂದು ಹೆಸರಿರಬೇಕು. ಶಕ್ತಿ ಯೋಜನೆಯ ಉಚಿತ ಬಸ್ಸಿಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಯುವನಿಧಿಗೆ ಇಲ್ಲೇ ಓದಿರಬೇಕು. ಹಾಗಾಗಿ ನಮ್ಮ ಗ್ಯಾರಂಟಿಗಳನ್ನು ಅವರು ತಿನ್ನುತ್ತಿದ್ದಾರೆ ಅನ್ನುವ ಮಾತು ಬಹುಪಾಲು ಸುಮ್ನೆ ಬಾಯಿಂದ ಬಾಯಿಗೆ ಹಬ್ಬಿದ್ದು. ಅಸ್ಸಾಮಿನ ಹೆಂಗಸು ಶನಿವಾರದ ಸಂತೆಗೆ ಟಿಕೆಟ್ ತೆಗೆದುಕೊಂಡೇ ಹೋಗುತ್ತಾಳೆ. ಪಕ್ಕದ ಸೀಟಿನ ನಮ್ಮವರು ಆಧಾರ್ ತೋರಿಸಿ ಹೋಗುತ್ತಾರೆ.

ಅದೇ ಸಂತೆಯಲ್ಲಿ ಅವಳು ಸೋಪು, ಎಣ್ಣೆ, ಮಗುವಿಗೆ ಚಪ್ಪಲಿ ತೆಗೆದುಕೊಳ್ಳುತ್ತಾಳಲ್ಲ, ಅದರಲ್ಲಿ ಜಿಎಸ್‌ಟಿ ಸೇರಿರುತ್ತದೆ. ಜಿಎಸ್‌ಟಿ ಸರಕು ಎಲ್ಲಿ ಬಳಕೆಯಾಗುತ್ತದೋ ಆ ರಾಜ್ಯಕ್ಕೆ ಸೇರುವ ತೆರಿಗೆ. ಅವಳು ಕಟ್ಟಿದ್ದರಲ್ಲಿ ರಾಜ್ಯದ ಅರ್ಧ ಪಾಲು ಕರ್ನಾಟಕಕ್ಕೆ ಬಂತು, ಅಸ್ಸಾಮಿಗೆ ಹೋಗಲಿಲ್ಲ. ನಿಮ್ಮ ಮಗಳ ಸಂಬಳದ ಚೀಟಿಯ ಕಥೆಯೇ ಇಲ್ಲೂ ನಡೆಯುತ್ತಿದೆ. ಇವಳಿಗೆ ಚೀಟಿ ಇಲ್ಲ, ಅಷ್ಟೇ ವ್ಯತ್ಯಾಸ.

ಹೋದ ಸುಗ್ಗಿಯಲ್ಲಿ ಮೂಡಿಗೆರೆ ಹತ್ತಿರದ ಒಂದು ರೇಷನ್ ಅಂಗಡಿಯಲ್ಲಿ ನಾನು ಒಂದು ಗಂಟೆ ನಿಂತಿದ್ದೆ. ಬೇರೆ ಕೆಲಸಕ್ಕೆ ಹೋದವನು ಸಾಲು ನೋಡಿ ನಿಂತೆ. ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು, ಜೊತೆಗೆ ಏಳೆಂಟು ವರ್ಷದ ಮಗಳು. ಕಾರ್ಡ್ ನಂಬರನ್ನು ಮೊಬೈಲ್ ಕವರಿನ ಒಳಗೆ ಚೀಟಿ ಮಾಡಿ ಇಟ್ಟಿದ್ದರು. ಅಂಗಡಿಯವರು ‘ಇದು ನಮ್ಮ ಕಾರ್ಡ್ ಅಲ್ಲಮ್ಮ, ನಿಮ್ಮೂರಲ್ಲಿ ತಗೋ’ ಅಂದರು. ತಾಯಿಗೆ ಅರ್ಥವಾಗಲಿಲ್ಲ. ಮಗಳಿಗೆ ಆಯಿತು. ಇಲ್ಲಿಯ ಸರ್ಕಾರಿ ಶಾಲೆಯ ಎರಡನೇ ಕ್ಲಾಸಿನ ಮಗು ಅದು. ‘ಆಗುತ್ತೆ ಅಂತ ನಮ್ಮ ಟೀಚರ್ ಹೇಳಿದ್ದಾರೆ, ನಂಬರ್ ಹಾಕಿ ನೋಡಿ ಮಾಮ’ ಅಂತ ನಮ್ಮ ಮಲೆನಾಡಿನ ಕನ್ನಡದಲ್ಲೇ ಹೇಳಿತು. ನಾನೂ ಮಧ್ಯೆ ಬಾಯಿ ಹಾಕಿದೆ. ನಂಬರ್ ಹಾಕಿದರು. ಮೊದಲ ಸಲ ಬೆರಳು ಹಿಡಿಯಲಿಲ್ಲ. ಕಾಫಿ ಹಣ್ಣು ಕಿತ್ತೂ ಕಿತ್ತೂ ಬೆರಳ ತುದಿಯಲ್ಲಿ ಕರಿ ಕಟ್ಟಿ, ಗೆರೆ ಸವೆದಿತ್ತು. ಸೆರಗಿನಲ್ಲಿ ಒರೆಸಿಕೊಂಡು ಬೇರೆ ಬೆರಳು ಕೊಟ್ಟರು. ಮೂರನೇ ಸಲಕ್ಕೆ ಚೀಟಿ ಹೊರಬಂತು. ಮಗು ಅದನ್ನು ಗಟ್ಟಿಯಾಗಿ ಓದಿ ಅಮ್ಮನಿಗೆ ಅವರ ಭಾಷೆಯಲ್ಲಿ ಹೇಳಿತು. ಅವರಿಗೆ ಕಾನೂನಿನಲ್ಲಿ ಮೊದಲೇ ಇದ್ದ ಹಕ್ಕು ಅದು. ಸಿಗಲು ಒಂದು ಮಗುವಿನ ಕನ್ನಡ ಬೇಕಾಯಿತು.

ಆದ್ದರಿಂದ ನನ್ನ ಚಿಂತೆ ನಿಮ್ಮೂರಿನವರ ಚಿಂತೆಗಿಂತ ಬೇರೆ. ವಲಸೆ ಬಂದವರು ಜಾಸ್ತಿ ಪಡೆಯುತ್ತಿದ್ದಾರೆ ಅನ್ನುವುದಕ್ಕಿಂತ, ಅವರದ್ದೇ ಆದದ್ದೂ ಅವರ ಕೈಗೆ ಬರುತ್ತಿಲ್ಲ ಅನ್ನುವುದು ನಾನು ಕಂಡ ಸತ್ಯ. ನಮ್ಮಲ್ಲಿ ಸವಲತ್ತೆಲ್ಲ ವಿಳಾಸಕ್ಕೆ ಕಟ್ಟಿ ಹಾಕಿದ್ದಾರೆ. ಮನುಷ್ಯ ಓಡಾಡುತ್ತಾನೆ, ವಿಳಾಸ ಊರಲ್ಲೇ ಉಳಿಯುತ್ತದೆ.

ಗೃಹಲಕ್ಷ್ಮಿಯಂಥ ನಗದು ಯೋಜನೆಗೆ ರಾಜ್ಯ ಇಷ್ಟು ವರ್ಷ ಇಲ್ಲಿ ವಾಸವಿರಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಅದು ಈ ರಾಜ್ಯದ ದುಡ್ಡು, ಇಲ್ಲಿನ ಜನ ಆರಿಸಿದ ಸರ್ಕಾರದ ಮಾತು. ಆದರೆ ಐದಾರು ವರ್ಷ ಇಲ್ಲೇ ದುಡಿದವರಿಗೆ ‘ನೀನೂ ಇಲ್ಲಿಯವನು’ ಅನ್ನಿಸಿಕೊಳ್ಳುವ ಒಂದು ದಾರಿ ಇರಬೇಕಲ್ವಾ? ಲೈನ್ ಮನೆಗೆ ಬಾಡಿಗೆ ಕರಾರು ಇರುವುದಿಲ್ಲ, ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿ. ಹತ್ತು ವರ್ಷ ಇದ್ದರೂ ಕಾಗದದಲ್ಲಿ ಅವರು ಇಲ್ಲಿ ಇಲ್ಲವೇ ಇಲ್ಲ. ಇನ್ನು ಅನ್ನ, ಚಿಕಿತ್ಸೆ, ಶಾಲೆಗಂತೂ ವಾಸದ ಲೆಕ್ಕ ಹಾಕುವುದೇ ಸರಿಯಲ್ಲ. ಅಂಗನವಾಡಿಯ ಊಟಕ್ಕೆ, ಬಸುರಿ ಬಾಣಂತಿಯ ಪೌಷ್ಟಿಕ ಆಹಾರಕ್ಕೆ ರೇಷನ್ ಕಾರ್ಡ್ ಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ಶಾಲೆ ಮಗುವನ್ನು ತಿರುಗಿಸಿ ಕಳಿಸುವಂತಿಲ್ಲ.

ಬಾಂಗ್ಲಾದೇಶದ ಮಾತಿಗೆ ಬರುತ್ತೇನೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವವನಲ್ಲ ನಾನು. ಪಾಸ್‌ಪೋರ್ಟ್, ವೀಸಾ ಇಲ್ಲದೆ ಗಡಿ ದಾಟಿ ಬಂದವರಿಗೆ ಅನ್ವಯವಾಗುವುದು 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾನೂನುಗಳ ಜಾಗದಲ್ಲಿ ಅದು ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಹಾಗೆ ಬಂದವರಿಗೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ, ಆಧಾರ್ ಕಾಯ್ದೆಯೇ ಹಾಗೆ ಹೇಳುತ್ತದೆ. ಹಾಗಾಗಿ ಆಧಾರ್ ಪ್ರತಿ ಒಂದನ್ನೇ ನಂಬಿ ಕೂರಬೇಡಿ. ಮತದಾರರ ಚೀಟಿ, ಊರಿನ ರೇಷನ್ ಕಾರ್ಡ್, ಇದ್ದರೆ ಶಾಲೆಯ ದಾಖಲೆ, ಇವುಗಳ ಪ್ರತಿಯನ್ನೂ ಇಟ್ಟುಕೊಂಡು ಠಾಣೆಗೆ ಕೊಡಿ. ಮೇಸ್ತ್ರಿಯ ಬಾಯಿಮಾತಿಗೆ ಬಿಡಬೇಡಿ.

ಆದರೆ ಭಾಷೆ ಕೇಳಿ ದೇಶ ನಿರ್ಧರಿಸಬೇಡಿ. ಅಸ್ಸಾಮಿನ ಬರಾಕ್ ಕಣಿವೆಯ ಜಿಲ್ಲೆಗಳಲ್ಲಿ ಬಂಗಾಳಿಯೇ ಆಡಳಿತ ಭಾಷೆ. ಬಂಗಾಳಿ ಮಾತಾಡಿದ ಮಾತ್ರಕ್ಕೆ ಬಾಂಗ್ಲಾದವರು ಅಂದರೆ, ತಮಿಳು ಮಾತಾಡುವವರೆಲ್ಲ ಶ್ರೀಲಂಕಾದವರು ಅಂದ ಹಾಗೆ. ಅಸ್ಸಾಮಿನಲ್ಲೇ 2019ರ ಆಗಸ್ಟ್ 31ರಂದು ಪೌರತ್ವ ನೋಂದಣಿಯ ಕೊನೆಯ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಬಿಟ್ಟುಹೋಗಿತ್ತು. ಅವರಲ್ಲಿ ಯಾರು ವಿದೇಶಿ ಎಂದು ಹೇಳುವ ಅಧಿಕಾರ ಅಲ್ಲಿನ ನ್ಯಾಯಮಂಡಳಿಗಳದ್ದು. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಿಂತು ತೀರ್ಮಾನ ಮಾಡುವ ವಿಷಯ ಅಲ್ಲ ಅದು.

ಶ್ರೀಲಂಕಾ ಅಂದ ಕೂಡಲೇ ಒಂದು ಹಳೆಯ ವಿಷಯ ಹೇಳಬೇಕು. ಅಲ್ಲಿನ ಟೀ ತೋಟಗಳನ್ನು ಎಬ್ಬಿಸಿದವರು ಇಲ್ಲಿಂದ ಹೋದ ತಮಿಳು ಕೂಲಿಯವರು. ಸ್ವಾತಂತ್ರ್ಯ ಬಂದ 1948ರಲ್ಲೇ ಅವರಿಗೆ ಪೌರತ್ವ ಸಿಗದ ಹಾಗೆ ಕಾಯ್ದೆ ಮಾಡಿದರು. ತೋಟ ಅವರದೇ ಕೈಯಿಂದ ಬೆಳೆದದ್ದು, ದೇಶ ಮಾತ್ರ ಅವರದಲ್ಲ! 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ 5.25 ಲಕ್ಷ ಜನರನ್ನು ಭಾರತ ಒಪ್ಪಿಕೊಂಡಿತು. ಹಾಗೆ ಬಂದ ಕೆಲವು ಕುಟುಂಬಗಳನ್ನು ನಮ್ಮ ಘಟ್ಟದ ಕೆಳಗೇ, ಸುಳ್ಯ ಪುತ್ತೂರಿನ ಕಡೆ, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದರು. ಕೆಲಸ ಬೇಕು, ಮನುಷ್ಯ ಬೇಡ ಅನ್ನುವ ನಿಯಮ ಎಲ್ಲಿಗೆ ಒಯ್ಯುತ್ತದೆ ಅನ್ನುವುದಕ್ಕೆ ನಾನು ಇದನ್ನೇ ತೋರಿಸುತ್ತೇನೆ.

ನಮ್ಮ ತೋಟಗಳ ಕಥೆಯೂ ಅಷ್ಟೇ ಅಲ್ವಾ? ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ, ತಮಿಳುನಾಡಿನಿಂದ ಬಂದವರ ಕೈಯಲ್ಲಿ ಬೆಳೆದವು ಇವು. ಅವರ ಮಕ್ಕಳು ಓದಿ ಬೆಂಗಳೂರಿಗೆ ಹೋದರು, ಹೋಗಬೇಕಾದ್ದೇ. ಆ ಖಾಲಿ ಲೈನಿಗೆ ಬಂದವರು ಈ ಅಸ್ಸಾಮಿನವರು. ಅವರನ್ನು ಕರೆತಂದದ್ದು ರೇಷನ್ ಅಲ್ಲ. ಐದು ಕಿಲೋ ಅಕ್ಕಿ ಅವರ ಊರಲ್ಲೂ ಸಿಗುತ್ತದೆ. ಕರೆತಂದದ್ದು ನಿಮ್ಮ ಬಟವಾಡೆ.

ಕೊನೆಗೆ, ಮಾಡಬೇಕಾದ ಕೆಲಸಗಳು. ಪ್ರತಿ ಕುಟುಂಬದ ರೇಷನ್ ಕಾರ್ಡ್ ನಂಬರ್ ಬರೆದುಕೊಳ್ಳಿ. ಎಲ್ಲರ ಆಧಾರ್ ಅದಕ್ಕೆ ಸೇರಿದೆಯೇ, ಇ-ಕೆವೈಸಿ ಆಗಿದೆಯೇ ನೋಡಿ. ಒಂದೇ ಕಾರ್ಡಿನಲ್ಲಿ ಊರಲ್ಲಿರುವವರು ತಮ್ಮ ಪಾಲನ್ನು ಅಲ್ಲಿ, ಇಲ್ಲಿರುವವರು ಇಲ್ಲಿ ಪಡೆಯಬಹುದು. ಅದು ಅವರಿಗೇ ಗೊತ್ತಿರುವುದಿಲ್ಲ. ಆಯುಷ್ಮಾನ್ ಕಾರ್ಡ್ ಇದ್ದವರು ಅದನ್ನು ಜೊತೆಯಲ್ಲಿ ತರಲಿ, ಯೋಜನೆಗೆ ಸೇರಿದ ನಮ್ಮ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಅಸಂಘಟಿತ ಕಾರ್ಮಿಕರ ನೋಂದಣಿಗೆಂದು 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್‌ನಲ್ಲಿ ಪಿ.ಎಫ್., ಇಎಸ್ಐ ಇಲ್ಲದವರ ಹೆಸರು ಬರೆಸಿ, 12 ಅಂಕಿಯ ನಂಬರ್ ಕೊಡುತ್ತಾರೆ. ಯಾರು ಯಾವ ವರ್ಷದಿಂದ ನಿಮ್ಮಲ್ಲಿದ್ದಾರೆ ಎಂದು ನಿಮ್ಮ ಸಹಿ ಹಾಕಿ ಒಂದು ಪತ್ರ ಕೊಡಿ. ಮುಂದೆ ವಿಳಾಸಕ್ಕೆ, ಶಾಲೆಗೆ, ಬ್ಯಾಂಕಿಗೆ ಹೋದಾಗ ತೋರಿಸಲು ಅವರ ಕೈಯಲ್ಲಿ ಏನಾದರೂ ಇರುತ್ತದೆ.

ಮಗಳಿಗೆ ಹೇಳಿ, ಸೋಶಿಯಲ್ ಸೆಕ್ಯುರಿಟಿ ಖಾತೆಯಲ್ಲಿ ಎಷ್ಟು ತ್ರೈಮಾಸಿಕ ಜಮೆಯಾಗಿದೆ ಎಂದು ವರ್ಷಕ್ಕೊಮ್ಮೆ ನೋಡಿಕೊಳ್ಳಲಿ. ಮೂವತ್ತಾರು, ಮೂವತ್ತೇಳನೇ ತ್ರೈಮಾಸಿಕದಲ್ಲಿ ಇರುವಾಗ ವಾಪಸ್ ಬರುವ ತೀರ್ಮಾನ ಮಾಡುವುದಾದರೆ ಕೆಲವು ತಿಂಗಳು ತಡೆಯಬಹುದು.

ಲೈನ್ ಮನೆಯವರ ಕೆಲಸವನ್ನು ಮಾತ್ರ ನವೆಂಬರ್‌ಗೆ ಮೊದಲೇ ಮುಗಿಸಿ. ಅರೇಬಿಕಾ ಹಣ್ಣು ಕೆಂಪಾದ ಮೇಲೆ ಸೊಸೈಟಿ ಸಾಲಿನಲ್ಲಿ ನಿಲ್ಲಲು ಅವರಿಗೂ ಪುರುಸೊತ್ತಿರುವುದಿಲ್ಲ, ಕಳಿಸಲು ನಿಮಗೂ ಮನಸ್ಸು ಬರುವುದಿಲ್ಲ.